ವಾಪಸು ಬಂದ ಸೀರೆಗೆ ಇಂಗ್ಲಿಷಿನಲ್ಲಿ ಏನಂತಾರೆ?

ಮೊಳಕಾಲ್ಮೂರಿನ ಅಂಜಿನಮ್ಮನ ಹೆಸರು ಕೆಡಿಸಿದ್ದು ಇಂಗ್ಲಿಷೂ ಅಲ್ಲ, ಸರ್ಕಾರವೂ ಅಲ್ಲ. ನಾನು.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಕಾಯಿಸಿ ಹೇಳಿದರೆ ನೀವು ಅಯ್ಯೋ ಪಾಪ ಅನ್ನುತ್ತೀರಿ. ಪಾಪ ಬೇಡ. ಹೋದ ವಾರ ಹುಳಿ ಮಜ್ಜಿಗೆಯ ಬಗ್ಗೆ ಬರೆದದ್ದಕ್ಕೇ ಇಬ್ಬರು ಪೋಸ್ಟ್ ಕಾರ್ಡಿನಲ್ಲಿ ಬೈದಿದ್ದೀರಿ. ಈ ವಾರವೂ ಬೈಯಿರಿ. ಈ ಸಲ ಬೈಯುವುದಕ್ಕೆ ಕಾರಣವಾದರೂ ಇದೆ.

ಹೊಸದಾಗಿ ಓದುವವರಿಗೆ ಒಂದು ಮಾತು. ನಾನು ಚಳ್ಳಕೆರೆಯಲ್ಲಿ ಸೀರೆ ಮಾರುವ ಮುದುಕಿ. ಐಗಳ ಮಠದಲ್ಲಿ ಎರಡು ವರ್ಷ ಮರಳಿನ ಮೇಲೆ ಅಕ್ಷರ ತಿದ್ದಿದ್ದೇ ನನ್ನ ವಿದ್ಯೆ. (ಒತ್ತು ದೀರ್ಘ ತಪ್ಪಿದ್ದರೆ ಪತ್ರಿಕೆಯವರು ತಿದ್ದುತ್ತಾರೆ. ಮಾತನ್ನು ಮುಟ್ಟಬೇಡಿ ಎಂದು ಹೇಳಿದ್ದೇನೆ.) ಮೊಮ್ಮಗಳು ಹಿರಿಯೂರಿನಲ್ಲಿದ್ದಾಳೆ. ಅವಳಿಗೆ ಅವಳ ಸಂಸಾರ. ನನಗೆ ನನ್ನ ಜಗಲಿ.

ಈ ವರ್ಷ ನಮ್ಮ ಮೈಸೂರು ಸರ್ಕಾರದವರ ಕಣ್ಣು ರೇಷ್ಮೆ ಸೀರೆಯ ಮೇಲೆ ಬಿತ್ತು. ಉಡುವುದಕ್ಕಲ್ಲ, ವಿಚಾರಿಸುವುದಕ್ಕೆ. ಯಾರು ನೇಯುತ್ತಾರೆ, ಯಾರು ಮಾರುತ್ತಾರೆ, ಯಾವ ಮನೆಯವರು ಎಂಥದನ್ನು ಕೊಳ್ಳುತ್ತಾರೆ, ಎಂಥದನ್ನು ಒಲ್ಲೆ ಅನ್ನುತ್ತಾರೆ? ಬೇಸಿಗೆಯಲ್ಲಿ ಜನ ಬಂದು ಮೊಳಕಾಲ್ಮೂರಿನ ಮಗ್ಗದ ಮನೆಗಳನ್ನೆಲ್ಲ ಸುತ್ತಿ, ಕನ್ನಡದಲ್ಲಿ ಒಂದಿಷ್ಟು, ತೆಲುಗಿನಲ್ಲಿ ಒಂದಿಷ್ಟು ಬರೆದುಕೊಂಡು ಹೋದರು. ದುರ್ಗದಲ್ಲಿ ಯಾರೋ ಕೂತು ಅದನ್ನೆಲ್ಲ ಇಂಗ್ಲಿಷ್ ಮಾಡಿದರು. ಆ ಇಂಗ್ಲಿಷನ್ನು ಸರಿಯಾಗಿದೆಯೇ ಎಂದು ನೋಡಿ, ತಿದ್ದಿ, ಬೆಂಗಳೂರಿಗೆ ಕಳಿಸಬೇಕು. ಅದಕ್ಕೆಂದೇ ಕಚೇರಿಯ ಒಬ್ಬ ರೈಟರು ಬಂದು ನಮ್ಮೂರಿನ ಛತ್ರದಲ್ಲಿ ಇಳಿದರು.

ಮೈಸೂರು ಕಡೆಯವರು. ನಲವತ್ತು ದಾಟಿದ ವಯಸ್ಸು. ಮೂಗಿನ ತುದಿಯಲ್ಲಿ ಕನ್ನಡಕ, ಬಗಲಲ್ಲಿ ಕೆಂಪು ದಾರ ಸುತ್ತಿದ ಕಾಗದದ ಕಟ್ಟು. ಅವರಿಗೆ ಇಂಗ್ಲಿಷ್ ಗೊತ್ತು, ಸೀರೆ ಗೊತ್ತಿಲ್ಲ. ನನಗೆ ಸೀರೆ ಗೊತ್ತು, ಇಂಗ್ಲಿಷ್ ಗೊತ್ತಿಲ್ಲ. ಕುರುಡನ ಹೆಗಲ ಮೇಲೆ ಕುಂಟ ಕೂತ ಹಾಗಾಯಿತು.

ಮೊದಲ ದಿನ ಜಗಲಿಯ ಕೆಳಗೆ ನಿಂತು ಕೇಳಿದರು: "ಅಮ್ಮಾ, ಈ ಊರಿನಲ್ಲಿ ಮೊಳಕಾಲ್ಮೂರು ಸೀರೆ ಮಾರುವವರು ನೀವೇ ಏನು?"

"ಊಂ. ತಗಂತೀರಾ?"

"ಇಲ್ಲ ಇಲ್ಲ. ನಿಮ್ಮನ್ನು ಇಂಗ್ಲಿಷಿನಲ್ಲಿ ಏನಂತ ಕರೆಯಬೇಕು ಅಂತ ತಿಳಿಯಬೇಕಾಗಿತ್ತು."

"ಅವ್ವ ಅಂತ ಕರೀರಿ. ಊರೆಲ್ಲ ಅಂಗೇ ಕರೆಯೋದು."

ಅವರು ನಗಲಿಲ್ಲ. (ಇಂಗ್ಲಿಷ್ ತಿದ್ದುವವರು ಬೇಗ ನಗುವುದಿಲ್ಲ. ಮೊದಲು ಸರಿಯೋ ತಪ್ಪೋ ನೋಡುತ್ತಾರೆ.) ಜಗಲಿಯ ಮೇಲೆ ಕೂತು ಕಟ್ಟು ಬಿಚ್ಚಿದರು. "ದುರ್ಗದವರು 'ಹಾಕರ್' ಅಂತ ಬರೆದಿದ್ದಾರೆ. ಅಂದರೆ ಬೀದಿಯಲ್ಲಿ ಕೂಗಿಕೊಂಡು ಮಾರುವವರು."

"ನಾನು ಈವತ್ತಿನ ತಂಕ ಒಂದು ದಿನ ಕೂಗಿಲ್ಲ. ಹೊಡೆದಾಕ್ರಿ."

"ಪೆಡ್ಲರ್ ಅಂದರೆ? ಗಂಟು ಹೊತ್ತು ಊರೂರು ತಿರುಗುವವರು."

"ಅದು ಬಳೆಗಾರ. ನಾನು ಈ ಊರು ಬಿಟ್ಟು ಹೋಗಲ್ಲ."

ಅವರು ಪೆನ್ನಿನ ಹಿಂಬದಿಯಿಂದ ಕಿವಿ ಕೆರೆದುಕೊಂಡರು. "ಸೀರೆ ನಿಮ್ಮದೋ, ಬೇರೆಯವರದೋ?"

"ಅಂಜಿನಮ್ಮ ಅಂತ, ಮೊಳಕಾಲ್ಮೂರು. ಅವಳು ನೇಯೋದು, ನಾನು ಇಲ್ಲಿ ಮನೆ ಮನೆಗೆ ತೋರ್ಸೋದು."

"ಹಾಗಾದರೆ 'ಏಜೆಂಟ್'. ಇನ್ನೊಬ್ಬರು ಇಲ್ಲದ ಕಡೆ ಅವರ ಪರವಾಗಿ ನಿಲ್ಲುವವರು."

ಆ ಮಾತು ನನಗೆ ಹಿಡಿಸಿತು. ಛತ್ರಿ ಹಿಡಿದು ನಿಂತವರ ಹಾಗೆ ಕೇಳಿಸಿತು. ಬರ್ಕೊಳ್ರಿ ಎಂದೆ. ಆ ಸಂಜೆ ನಾನು ಏಜೆಂಟ್ ಆದೆ. ಹೇಳಿಕೊಳ್ಳುವುದಕ್ಕೆ ಯಾರೂ ಇರಲಿಲ್ಲ. ಒಲೆ ಹಚ್ಚಿ ಅಂಬಲಿ ಕಾಸಿಕೊಂಡೆ.

ಮಾರನೇ ದಿನವೂ ಬಂದರು. ಅದರ ಮಾರನೇ ದಿನವೂ. ದುರ್ಗದವರ ಇಂಗ್ಲಿಷಿನಲ್ಲಿ ನಮ್ಮ ಚೌಕಾಸಿಯೆಲ್ಲ ಜಗಳವಾಗಿತ್ತು. "'ಕ್ವಾರೆಲ್' ಅಂತ ಹಾಕಿದ್ದಾರೆ ಅಮ್ಮ. ಈ ಕಡೆಯ ಹೆಂಗಸರು ಜಗಳವಾಡಿದ ಮೇಲೆ ಸೀರೆ ಕೊಳ್ಳುತ್ತಾರೆ ಅಂತ ಅರ್ಥ ಬರುತ್ತದೆ."

"ಜಗಳ ಆಡ್ದೋಳು ಯಾಕೆ ಕೊಂಡಾಳು? ಚೌಕಾಸಿ ಅಂದ್ರೆ ಮನಸು ಬಂದೈತೆ ಅಂತ. ಸುಮ್ನೆ 'ಚೆನ್ನಾಗೈತೆ' ಅಂದು ಮಡಚಿಟ್ಟೋಳು ಕೊಳ್ಳಲ್ಲ."

ಅದನ್ನು ತಿದ್ದಿದರು. 'ಗಿರಾಕಿ' ಎಂದಿದ್ದ ಕಡೆಯೆಲ್ಲ 'ಬೈಯರ್' ಎಂದಿತ್ತು. ಕೊಳ್ಳುವವರು ಎಂದರ್ಥವಂತೆ. ನಾನು ಒಪ್ಪಲಿಲ್ಲ. ಸೀರೆ ಮುಟ್ಟಿ, ಹೆಗಲ ಮೇಲೆ ಹಾಕಿ, ನಾಕು ಜನರನ್ನು ಕರೆದು ತೋರಿಸಿ, ಕೊನೆಗೆ 'ಮುಂದಿನ ಸಲ ಬಾರವ್ವ' ಅನ್ನುವವಳೂ ಗಿರಾಕಿಯೇ ತಾನೆ?

"ಕೊಳ್ಳದವಳು ಹೇಗಮ್ಮ ಗಿರಾಕಿ?"

"ಅವಳ ಮಗಳಿಗೆ ಈಗ ಆರು ವರ್ಷ. ಇನ್ನೂ ಟೈಮ್ ಐತೆ."

ಅವತ್ತು ರೈಟರು ನಕ್ಕರು. ಕನ್ನಡಕ ತೆಗೆದು ಒರೆಸಿಕೊಂಡರು.

ಇಷ್ಟು ಹೊತ್ತು ಯಾಕೆ ಹೇಳುತ್ತಿದ್ದೇನೆ ಎಂದರೆ, ನನಗೆ ಆ ದಿನಗಳು ಹಿಡಿಸಿದ್ದವು. ರೈಟರು ಬರುವುದು ನಾಲ್ಕು ಗಂಟೆಗೆ. ನಾನು ಚಾಪೆ ಹಾಸುತ್ತಿದ್ದದ್ದು ಮೂರಕ್ಕೆ. ಒಂದು ಚೊಂಬು ನೀರು ತುಂಬಿ ಇಡುತ್ತಿದ್ದೆ. ಗಾಳಿಗೆ ಧೂಳು ಬಿತ್ತೆಂದು ಚೆಲ್ಲಿ ಮತ್ತೆ ತುಂಬುತ್ತಿದ್ದೆ. ಬೀದಿಯಲ್ಲಿ ಕಂಬಳಿ ಹೊತ್ತ ಗಾಡಿಗಳು ಹೋಗುತ್ತಿದ್ದವು. ಒಂದು ಇಡೀ ವರ್ಷ ಯಾರೂ ನನ್ನನ್ನು 'ನೀವು ಏನು ಹೇಳುತ್ತೀರಿ' ಎಂದು ಕೇಳಿರಲಿಲ್ಲ. ಈ ಮನುಷ್ಯ ಒಂದೊಂದು ಮಾತಿಗೂ ನಿಲ್ಲಿಸಿ ಕೇಳುತ್ತಿದ್ದರು. ಬಾಯಾರಿದವನಿಗೆ ನೀರು ಕೊಟ್ಟು ರುಚಿ ಹೇಗಿದೆ ಎಂದು ಕೇಳಬಾರದು. ಅವನು ಸತ್ಯ ಹೇಳುವುದಿಲ್ಲ.

ನಮ್ಮ ಮಾರಾಟದ ರೀತಿಯನ್ನೂ ಅವರಿಗೆ ಹೇಳಿದೆ. ನಿಮಗೂ ಹೇಳಬೇಕು. ಅದು ತಿಳಿಯದಿದ್ದರೆ ನನ್ನ ತಪ್ಪು ತಿಳಿಯುವುದಿಲ್ಲ.

ರೇಷ್ಮೆ ಸೀರೆಯನ್ನು ಯಾರೂ ನಿಂತ ಕಾಲಲ್ಲಿ ಕೊಳ್ಳುವುದಿಲ್ಲ. ನಾವು ಒಂದು ಮನೆಯಲ್ಲಿ ಎರಡು ಸೀರೆ ಬಿಟ್ಟು ಬರುತ್ತೇವೆ. ಮೂರು ದಿನ ಅವರ ಮನೆಯಲ್ಲಿರುತ್ತದೆ. ಅತ್ತೆ ನೋಡುತ್ತಾಳೆ, ನಾದಿನಿ ನೋಡುತ್ತಾಳೆ, ಬಿಸಿಲಿನಲ್ಲಿ ನೋಡುತ್ತಾರೆ, ದೀಪದಲ್ಲಿ ನೋಡುತ್ತಾರೆ. ಮೂರನೇ ದಿನ ಹೋದರೆ ಬೇಕಾದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಕೊಡುತ್ತಾರೆ. ಸುಮ್ಮನೆ ಕೊಡುವುದಿಲ್ಲ. ಮನೆಗೆ ಬಂದ ಸೀರೆ ಬರಿದಾಗಿ ಹೋಗಬಾರದೆಂದು ಅದರ ಮಡಿಕೆಯೊಳಗೆ ಒಂದು ಚಿಟಿಕೆ ಧಾನ್ಯ ಹಾಕಿ ಕಳಿಸುತ್ತಾರೆ. ಶ್ಯಾನುಭೋಗರ ಮನೆಯಿಂದ ಅಕ್ಕಿ. ಗೌಡರ ಮನೆಯಿಂದ ಜೋಳ. ಗಾಣದವರ ಮನೆಯಿಂದ ಎಳ್ಳು. ಅದನ್ನು ನಾವು ದಾರಿಯಲ್ಲಿ ಉದುರಿಸುವ ಹಾಗಿಲ್ಲ. ನೇಯ್ದವಳ ಕೈಗೇ ಸೇರಬೇಕು. ಅವಳು ಸೀರೆ ಬಿಚ್ಚಿ, ಕಾಳು ನೋಡಿ, ಯಾರ ಮನೆಗೆ ಹೋಗಿ ಬಂದಿದೆ ಎಂದು ತಿಳಿದುಕೊಳ್ಳುತ್ತಾಳೆ.

"ಇದಕ್ಕೆ ಇಂಗ್ಲಿಷಿನಲ್ಲಿ ಮಾತೇ ಇಲ್ಲ" ಎಂದರು ರೈಟರು, ಬಹಳ ಸಂತೋಷದಿಂದ.

ಇನ್ನೊಂದು ರೀತಿಯುಂಟು. ಅದನ್ನು ಅವರಿಗೆ ಹೇಳಲಿಲ್ಲ. ಸೀರೆ ತೋರಿಸಲು ಯಾವಾಗಲೂ ಇಬ್ಬರು ಹೋಗಬೇಕು, ಇಬ್ಬರಲ್ಲಿ ಒಬ್ಬಳು ಮುತ್ತೈದೆಯಾಗಿರಬೇಕು. ಮದುವೆಯ ಸೀರೆ ತಾನೆ? ಹೊಸಿಲು ಮೊದಲು ದಾಟುವವಳು ಮುತ್ತೈದೆ. ಮೊದಲ ಮಡಿಕೆ ಬಿಚ್ಚುವವಳೂ ಅವಳೇ. ನನ್ನ ಗಂಡ ಹೋಗಿ ಎಷ್ಟೋ ಕಾಲವಾಯಿತು. ನನ್ನ ಜೊತೆ ಬರುತ್ತಿದ್ದವಳು ಹೊನ್ನಮ್ಮ. ನೆಂಟಳಲ್ಲ, ಪಕ್ಕದ ಮನೆಯವಳು. ದಪ್ಪ ಹೆಂಗಸು, ದೊಡ್ಡ ಕುಂಕುಮ, ಬೀದಿಯ ಆ ತುದಿಗೆ ಕೇಳುವ ಗಂಟಲು. ಹೊಸಿಲ ಮುಂದೆ ನಿಂತು 'ಏನ್ರವ್ವಾ, ಸೀರೆ ಬಂದೈತೆ!' ಎಂದು ಅವಳು ಕೂಗುವುದು, ನಾನು ಹಿಂದೆ ಗಂಟು ಇಟ್ಟುಕೊಂಡು ನಿಲ್ಲುವುದು. ಅವಳು ಹೊಗಳುವುದು, ನಾನು ಬೆಲೆ ಹೇಳುವುದು. ನಾನು ಒಂದು ದಿನವೂ ಕೂಗಿಲ್ಲ ಎಂದು ರೈಟರಿಗೆ ಬೀಗಿ ಹೇಳಿದೆನಲ್ಲ, ಅದು ಈ ಕಾರಣಕ್ಕೆ. ನನ್ನ ಪಾಲಿನ ಕೂಗನ್ನೂ ಅವಳೇ ಕೂಗುತ್ತಿದ್ದಳು.

ಹೋದ ವರ್ಷ ಜ್ವರ ಬಂದು ನಾಕೇ ದಿನಕ್ಕೆ ಹೊನ್ನಮ್ಮ ಹೋದಳು. ಸಾಯುವವರು ಸಾಯುತ್ತಾರೆ. ಅದರ ಬಗ್ಗೆ ಹೆಚ್ಚು ಬರೆಯುವುದೇನೂ ಇಲ್ಲ. ಅವಳ ಗಂಡ ಮನೆ ಬೀಗ ಹಾಕಿಕೊಂಡು ಮಗನ ಊರಿಗೆ ಹೋದ. ಆ ಬೀಗ ನನ್ನ ಜಗಲಿಯಿಂದ ಕಾಣುತ್ತದೆ.

ಆಮೇಲೆ ಏನಾಯಿತು? ನಾನು ಸೀರೆ ತೋರಿಸುವುದಕ್ಕೆ ಹೋಗಲಿಲ್ಲ. ಒಂದು ಮನೆಗೂ ಹೋಗಲಿಲ್ಲ.

ಆದರೆ ಅಂಜಿನಮ್ಮನಿಗೆ ಹಾಗೆ ಹೇಳಲಿಲ್ಲ. ಅವಳು ತಿಂಗಳಿಗೊಮ್ಮೆ ಸಂತೆಯ ದಿನ ಮೊಳಕಾಲ್ಮೂರಿನಿಂದ ಗಾಡಿಯಲ್ಲಿ ಬರುತ್ತಾಳೆ. ಒಂದೋ ಎರಡೋ ಹೊಸ ಸೀರೆ ಕೊಟ್ಟು, ಹಳೆಯವು ಉಳಿದಿದ್ದರೆ ತೆಗೆದುಕೊಂಡು, ನನ್ನ ಜಗಲಿಯ ಮೇಲೆ ಬುತ್ತಿ ಬಿಚ್ಚಿ ಉಂಡು, ಇಳಿಹೊತ್ತಿನ ಗಾಡಿಗೆ ಹೋಗುತ್ತಾಳೆ. ಇನ್ನು ಸೀರೆ ತರಬೇಡ ಎಂದರೆ ಅವಳು ಬರುವುದೂ ನಿಲ್ಲುತ್ತದೆ. ಅದಕ್ಕೆ ಸೀರೆ ಇಸಿದುಕೊಳ್ಳುತ್ತಿದ್ದೆ. ಪೆಟ್ಟಿಗೆಯಲ್ಲಿಡುತ್ತಿದ್ದೆ. ಮುಂದಿನ ಸಂತೆಗೆ ತೆಗೆದು, ಮಡಿಕೆಯೊಳಗೆ ಒಂದು ಚಿಟಿಕೆ ಧಾನ್ಯ ಹಾಕಿ, 'ವಾಪಸು ಬಂತು ಕಣೆ' ಎಂದು ಕೊಡುತ್ತಿದ್ದೆ. ಹೀಗೆ ಬೇಸಿಗೆಯ ಹೊತ್ತಿಗೇ ಏಳು ಸೀರೆ. ಹೋದ ತಿಂಗಳು ತಂದ ಎರಡು ಇನ್ನೂ ಪೆಟ್ಟಿಗೆಯಲ್ಲೇ ಇದ್ದವು.

ಆಯಿತೇ? ಈಗ ರೈಟರ ಕಡೆಗೆ ಬನ್ನಿ.

ಐದನೆಯ ದಿನವಿರಬೇಕು. ಅವರು ಒಂದು ಹಾಳೆ ತೆಗೆದು, ಕನ್ನಡಕ ಸರಿಮಾಡಿಕೊಂಡು, ಮೆಲ್ಲಗೆ ಹೇಳಿದರು: "ಇದೊಂದು ಕಡೆ ನಾನು ನಿಂತುಬಿಟ್ಟಿದ್ದೇನೆ ಅಮ್ಮ. ಬೇಸಿಗೆಯಲ್ಲಿ ಕೇಳಿದಾಗ ಈ ಅಂಜಿನಮ್ಮ ಚಳ್ಳಕೆರೆಗೆ ಏಳು ಸೀರೆ ಕೊಟ್ಟೆ, ಏಳೂ ವಾಪಸು ಬಂದವು ಅಂತ ಹೇಳಿದ್ದಾಳೆ. ದುರ್ಗದವರು ಏಳು ಕಡೆಯೂ 'ರಿಜೆಕ್ಟೆಡ್' ಅಂತ ಬರೆದಿದ್ದಾರೆ."

"ಅಂದ್ರೆ?"

"ಗಿರಾಕಿಗಳು ನೋಡಿ, ಬೇಡ ಅಂತ ತಳ್ಳಿದ್ದು."

ನಾನು ನೀರಿನ ಚೊಂಬನ್ನು ಅವರ ಕಡೆ ಸರಿಸಿದೆ.

"ಆದರೆ ನೀವೇ ಹೇಳಿದಿರಿ, ವಾಪಸು ಬಂದದ್ದೆಲ್ಲ ಬೇಡ ಅಂದದ್ದಲ್ಲ, ಎರಡರಲ್ಲಿ ಒಂದನ್ನು ಇಟ್ಟುಕೊಳ್ಳುತ್ತಾರೆ ಅಂತ. ಅದಕ್ಕೇ ಕೇಳುತ್ತಿದ್ದೇನೆ. ನೇಯ್ಗೆ ಕೆಟ್ಟಿತ್ತೇ? ಹಾಗಾದರೆ ಈ ಮಾತು ಇರಲಿ. ಬೆಲೆ ಹೆಚ್ಚಾಯಿತೇ? ಅದಕ್ಕೆ ಬೇರೆ ಮಾತಿದೆ. ಮದುವೆ ಮುಂದಕ್ಕೆ ಹೋಯಿತೇ? ಅದಕ್ಕೂ ಇದೆ. ಕಾರಣ ನೀವು ಹೇಳಿ, ಮಾತು ನಾನು ಹುಡುಕುತ್ತೇನೆ."

ಎಷ್ಟು ಸುಲಭ ನೋಡಿ! ಬಾಯಿ ಬಿಟ್ಟರೆ ಸಾಕು. ಆದರೆ ಆ ಮನುಷ್ಯ ಐದು ದಿನದಿಂದ ನನ್ನನ್ನು ಎಲ್ಲ ತಿಳಿದವಳೆಂದು ಕೇಳುತ್ತಿದ್ದಾರೆ. ಒಂದು ವರ್ಷದಿಂದ ಒಂದು ಹೊಸಿಲನ್ನೂ ತುಳಿಯದ ಏಜೆಂಟ್ ನಾನು ಎಂದು ಹೇಗೆ ಹೇಳಲಿ? ಹೇಳಿದರೆ ನಾಳೆ ನಾಲ್ಕು ಗಂಟೆಗೆ ಬರುತ್ತಾರೆಯೇ?

"ಬರೆದದ್ದು ಇರ್ಲಿ ಬಿಡ್ರಿ" ಎಂದೆ.

"ಏಳಕ್ಕೆ ಏಳೂ?"

"ಊಂ."

ಅವರು ತಕ್ಷಣ ಬರೆಯಲಿಲ್ಲ. ಹಾಳೆ ತಿರುಗಿಸಿ ಇನ್ನೊಂದನ್ನು ತೋರಿಸಿದರು. ಅದು ಲಿಸ್ಟು. ಸರ್ಕಾರ ಹೊಸ ರೀತಿಯ ಮಗ್ಗ ತರಿಸುತ್ತದಂತೆ. ಹಗ್ಗ ಎಳೆದರೆ ಲಾಳಿ ತಾನಾಗಿ ಈ ಕಡೆಯಿಂದ ಆ ಕಡೆಗೆ ಓಡುತ್ತದೆ, ಕೈಯಿಂದ ಎಸೆಯಬೇಕಾಗಿಲ್ಲ. ಮೊಳಕಾಲ್ಮೂರಿನ ಕೆಲವು ಮನೆಗಳಿಗೆ ಮೊದಲು ಕೊಟ್ಟು ನೋಡುತ್ತಾರೆ. ಆ ಕೆಲವರಲ್ಲಿ ಅಂಜಿನಮ್ಮನ ಹೆಸರೂ ಇತ್ತು.

"ಗಿರಾಕಿ ತಳ್ಳಿದ ಸೀರೆ ನೇಯುವವಳಿಗೆ ಮಗ್ಗ ಯಾಕೆ ಅಂತ ಮೇಲಿನವರು ಈ ಹೆಸರು ಹೊಡೆಯುತ್ತಾರೆ. ಸಂತೆಯ ಮಾರನೇ ದಿನ ಬೆಳಗ್ಗೆ ನಾನು ಹೊರಡುತ್ತೇನೆ. ಅಲ್ಲಿಯವರೆಗೆ ಯೋಚನೆ ಮಾಡಿ" ಎಂದು ಕಟ್ಟು ಕಟ್ಟಿಕೊಂಡು ಎದ್ದರು.

ಆ ರಾತ್ರಿ ನಿದ್ದೆ ಬರಲಿಲ್ಲ ಎಂದು ಬರೆಯಲೇ? ಸುಳ್ಳು. ಚೆನ್ನಾಗಿ ನಿದ್ದೆ ಬಂತು. ತಪ್ಪು ಮಾಡಿದವರಿಗೆ ನಿದ್ದೆ ಬರುವುದಿಲ್ಲ ಅನ್ನುವುದು ತಪ್ಪು ಮಾಡದವರು ಕಟ್ಟಿದ ಮಾತು.

ಸಂತೆಯ ದಿನ ಅಂಜಿನಮ್ಮ ಬಂದಳು.

ಇವಳೂ ಗಂಡ ಸತ್ತವಳೇ. ಗಂಡ ಹೋದ ಮೇಲೆ ಅವನ ಮಗ್ಗದ ಗುಂಡಿಗೆ ತಾನೇ ಇಳಿದವಳು. ಹೆಂಗಸು ಮಗ್ಗಕ್ಕೆ ಕೂರುವುದುಂಟೇ ಎಂದು ಬೀದಿಯೆಲ್ಲ ಆಡಿಕೊಂಡಾಗ, 'ಹೊಟ್ಟೆಗೆ ಗಂಡಸು ಹೆಂಗಸು ಅಂತ ಐತಾ?' ಎಂದವಳು. ಗಿಣಿಯ ಅಂಚು ಅವಳ ಹಾಗೆ ತೆಗೆಯುವವರು ಮೊಳಕಾಲ್ಮೂರಿನಲ್ಲೇ ಇಲ್ಲ.

"ಏಮ್ ವದಿನಾ, ಬಿಸಿಲಿಗೆ ಇಟ್ಟ ಹಪ್ಪಳ ಆಗಿದೀರಲ್ಲ!" ಎಂದುಕೊಂಡೇ ಜಗಲಿ ಹತ್ತಿದಳು. (ವದಿನ ಎಂದರೆ ಅವರ ತೆಲುಗಿನಲ್ಲಿ ಅತ್ತಿಗೆ. ನಾನು ಅವಳಿಗೆ ಅತ್ತಿಗೆಯಲ್ಲ. ಏನೂ ಅಲ್ಲ. ಹಾಗೆ ಕರೆಯುತ್ತಾಳೆ.)

ನೀರು ಕೊಟ್ಟೆ. ಎಡಗೈಯಲ್ಲಿ ಚೊಂಬು ಎತ್ತಿದಳು. ಅವಳು ಎಡಚಿಯಲ್ಲ.

"ಬಲಗೈಗೆ ಏನಾಯ್ತೆ?"

"ಭುಜ ಹಿಡ್ಕೊಂಡೈತೆ. ಮೇಲಕ್ಕೆ ಏಳಲ್ಲ. ಲಾಳಿ ಎಸೆದು ಎಸೆದು ಸವೆದು ಹೋಗೈತೆ ಅಂತಾನೆ ನಾಟಿ ವೈದ್ಯ. ಬೇಸಿಗೆನಾಗೆ ಬಂದೋರು ಹೇಳಿದ ಹೊಸ ಮಗ್ಗ ಬಂದ್ರೆ ಬದುಕಿಕೊಂಡೆ. ಬರಲಿಲ್ಲ ಅಂದ್ರೆ ಈ ಕೈ ಇನ್ನೊಂದು ವರ್ಷ ಬರಬೌದು, ಆಮೇಲೆ ನಿಮ್ಮನೆ ಜಗಲಿ ಮ್ಯಾಲೆ ನಾನೂ ಒಂದು ಚಾಪೆ." ಹೇಳಿ ನಕ್ಕಳು.

ನಾನು ಎದ್ದು ಒಳಗೆ ಹೋಗಿ ಪೆಟ್ಟಿಗೆಯಿಂದ ಎರಡು ಸೀರೆ ತಂದು ಅವಳ ಮುಂದಿಟ್ಟೆ. ಧಾನ್ಯ ಬೆಳಗ್ಗೆಯೇ ಹಾಕಿಟ್ಟಿದ್ದೆ. "ವಾಪಸು ಬಂತು ಕಣೆ."

ಅವಳು ಈರುಳ್ಳಿ ಸಿಪ್ಪೆ ಬಣ್ಣದ ಸೀರೆಯ ಮಡಿಕೆ ಬಿಚ್ಚಿದಳು. ಕಾಳು ಚಾಪೆಯ ಮೇಲೆ ಉದುರಿದವು. ಒಂದೊಂದಾಗಿ ಆಯ್ದು ಅಂಗೈಗೆ ಹಾಕಿಕೊಂಡಳು.

"ಇದು ಯಾರ ಮನೆದು?"

"ಗೌಡ್ರ ಮನೆದು."

"ಗೌಡ್ರ ಮನೆಯೋರು ಜೋಳ ಬಿಟ್ಟು ನವಣೆ ಯಾವಾಗ ಶುರು ಮಾಡಿದ್ರು?"

ಅವಳು ಎರಡನೆಯ ಸೀರೆ ಬಿಚ್ಚಿದಳು. ನೇರಳೆ ಬಣ್ಣದ್ದು. ಅದರಿಂದಲೂ ನವಣೆ.

"ಇದು?"

"ಶ್ಯಾನುಭೋಗರ..."

"ಶ್ಯಾನುಭೋಗ್ರಿಗೂ ನವಣೆ! ಪಾಪ, ಬಡತನ ಬಂದೈತೆ ಅನ್ರಿ."

ಒಂದು ವರ್ಷದಿಂದ ನನ್ನ ಗಡಿಗೆಯಲ್ಲಿರುವುದು ನವಣೆ ಒಂದೇ. ಸುಳ್ಳು ಹೇಳುವುದಕ್ಕೂ ಮನೆಯಲ್ಲಿ ನಾಕು ಬಗೆ ಧಾನ್ಯ ಇರಬೇಕು.

"ಯಾವಾಗಿಂದ ಗೊತ್ತಿತ್ತು?" ಎಂದೆ.

"ಯುಗಾದಿಯಿಂದ."

"ಮತ್ತೆ ಯಾಕೆ ಬಾಯಿ ಮುಚ್ಕೊಂಡಿದ್ದೆ?"

"ಕೇಳಿದ್ರೆ ಇನ್ನೊಂದು ಸುಳ್ಳು ಹೇಳ್ತಿದ್ರಿ. ಈ ವಯಸ್ಸಿನಾಗೆ ನಿಮ್ಮ ಕೈಲಿ ಯಾಕೆ ಹೇಳಿಸ್ಲಿ? ಇಲ್ಲಿಂದ ಒಯ್ದ ಸೀರೆನೆಲ್ಲ ರಾಯದುರ್ಗದಾಗೆ ಮಾರ್ಕೊಂಡೆ. ಒಂದೂ ಉಳಿದಿಲ್ಲ. ನಂಗೇನು ನಷ್ಟ ಆಗಿಲ್ಲ."

ಆಗಿತ್ತು. ಅವಳಿಗೆ ಗೊತ್ತಿರಲಿಲ್ಲ. ರಾಯದುರ್ಗ ಬ್ರಿಟಿಷರ ಸೀಮೆ, ಅಲ್ಲಿ ಮಾರಿದ್ದು ನಮ್ಮ ಸರ್ಕಾರದ ಕಾಗದದಲ್ಲಿ ಬರುವುದಿಲ್ಲ. ಕಾಗದದಲ್ಲಿ ಇರುವುದು ಚಳ್ಳಕೆರೆಯ ಏಳು, ಅದರ ಮುಂದೆ ಇರುವುದು ಒಂದೇ ಮಾತು.

ಹೇಳಿದೆ. ರೈಟರು, ಹಾಳೆ, ರಿಜೆಕ್ಟೆಡ್, ಲಿಸ್ಟು, 'ಇರ್ಲಿ ಬಿಡ್ರಿ' ಎಂದದ್ದು, ಎಲ್ಲ.

ನಾನು ಅವಳು ಮಗ್ಗದ ಮಾತೆತ್ತುತ್ತಾಳೆ ಎಂದುಕೊಂಡಿದ್ದೆ. ಮಗ್ಗ ಆಮೇಲೆ. ಮೊದಲು ಅವಳ ಮುಖ ಕೆಂಪಾಯಿತು.

"ಬ್ಯಾಡ ಅಂದ್ರು ಅಂತ ಬರೆದವ್ರಾ? ನನ್ನ ಸೀರೆನಾ?" ಎದ್ದು ನಿಂತಳು. "ಒಬ್ಬಳು, ಒಬ್ಬಳಾದ್ರೂ ನೋಡಿ ಬ್ಯಾಡ ಅಂದಿದ್ರೆ ಬರೀಲಿ ವದಿನಾ. ಯಾರೂ ನೋಡೇ ಇಲ್ವಲ್ಲ! ನೋಡ್ದೆ ಇರೋದೂ, ನೋಡಿ ಬ್ಯಾಡ ಅನ್ನೋದೂ ಒಂದೇನಾ?"

"ಒಂದಲ್ಲ."

"ನಿಮಗೇನಾಗಿತ್ತು? ಕಾಲು ನೋವಾ?"

"ಕಾಲು ಚೆನ್ನಾಗೈತೆ."

"ಕಣ್ಣು?"

"ಕಣ್ಣೂ ಚೆನ್ನಾಗೈತೆ. ಹೊನ್ನಮ್ಮ ಇಲ್ಲ. ಮುಂಡೆ ಒಬ್ಬಳೇ ಮದುವೆ ಸೀರೆ ಹೊತ್ಕೊಂಡು ಹೋಗಿ ಹೊಸಿಲ ಮುಂದೆ ನಿಂತ್ರೆ ಯಾರು ಒಳಗೆ ಕರೀತಾರೆ?"

"ಯಾರು ಕರೀಲಿಲ್ಲ?"

ನಾನು ಚಾಪೆಯ ಮೇಲಿನ ಧೂಳು ಒರೆಸಿದೆ.

"ಹೆಸರು ಹೇಳ್ರಿ ವದಿನಾ. ಯಾವ ಮನೆಯೋರು ಬ್ಯಾಡ ಅಂದ್ರು?"

ಯಾರೂ ಅಂದಿರಲಿಲ್ಲ. ನಾನು ಹೋಗಿದ್ದರೆ ತಾನೆ ಅನ್ನುವುದು? ಒಂದು ವರ್ಷ ನನ್ನ ಜಗಲಿಯ ಮೇಲೆ ಕೂತು, ಊರಿನ ಎಲ್ಲ ಹೊಸಿಲುಗಳ ಉತ್ತರವನ್ನೂ ನಾನೇ ಬರೆದುಕೊಂಡಿದ್ದೆ. ದುರ್ಗದವರಿಗೆ ಬೈದು ಏನು ಪ್ರಯೋಜನ? ಅವರು ಏಳು ಸಲ ಬರೆದರು. ನಾನು ದಿನಾ ಬರೆದೆ.

ಅಂಜಿನಮ್ಮ ಬುತ್ತಿ ಬಿಚ್ಚಲಿಲ್ಲ. ಹೆಗಲ ಮೇಲೆ ಸೆರಗು ಎಳೆದುಕೊಂಡು, ನನ್ನ ಮುಖವನ್ನೇ ನೋಡುತ್ತಾ ಹೇಳಿದಳು: "ನಾನೂ ಗಂಡ ಸತ್ತೋಳೇ. ನಾನು ನೇಯ್ದಿದ್ದು ಉಟ್ಕೊಂಡು ಹಸೆಮಣೆ ಮ್ಯಾಲೆ ಕೂತ್ಕಂತಾರೆ. ನೀವು ತಂದಿದ್ದು ಉಡಲ್ವಾ?"

ಅಂಗೈಯಲ್ಲಿದ್ದ ನವಣೆಯನ್ನು ನನ್ನ ಅಂಗೈಗೆ ಸುರಿದಳು. "ಇಟ್ಕಳ್ರಿ. ನಿಮ್ಮನೇದೇ." ಎರಡು ಸೀರೆಯನ್ನೂ ಚಾಪೆಯ ಮೇಲೇ ಬಿಟ್ಟಳು. ಪ್ರತಿ ಸಲ ಇಳಿಯುವಾಗ 'ಬರ್ತೀನಿ ವದಿನಾ' ಅನ್ನುತ್ತಿದ್ದಳು. ಈ ಸಲ ಅನ್ನಲಿಲ್ಲ. ಇಳಿಹೊತ್ತಿನ ಗಾಡಿಗೆ ಇನ್ನೂ ಬಹಳ ಹೊತ್ತಿತ್ತು. ಬಿಸಿಲಿನಲ್ಲೇ ಹೋಗಿ ಗಾಡಿ ಅಡ್ಡೆಯಲ್ಲಿ ಕೂತಳೆಂದು ಕಾಣುತ್ತದೆ.

ನಾಲ್ಕು ಗಂಟೆಗೆ ರೈಟರು ಬರಲಿಲ್ಲ. ಹೊರಡುವ ಸಿದ್ಧತೆ ಇದ್ದಿರಬೇಕು. ಹಾಸಿದ ಚಾಪೆ ಹಾಗೇ ಇತ್ತು, ಅದರ ಮೇಲೆ ಎರಡು ಸೀರೆ. ಮಡಚಿಟ್ಟೆ. ಸಂಜೆ ಅದೇ ಚಿಟಿಕೆ ನವಣೆಯನ್ನೂ ಗಡಿಗೆಗೆ ಹಾಕಿ ಅನ್ನ ಮಾಡಿದೆ. ಚೆಲ್ಲುವುದಕ್ಕೆ ಅದೇನು ತಪ್ಪು ಮಾಡಿತ್ತು?

ಮಾರನೇ ದಿನ ಬೆಳಗ್ಗೆ, ಹೊತ್ತು ಹುಟ್ಟುವ ಮೊದಲೇ, ಎರಡು ಸೀರೆ ಗಂಟು ಕಟ್ಟಿಕೊಂಡು ಛತ್ರಕ್ಕೆ ಹೋದೆ.

ಗಾಡಿಯವನು ಎತ್ತು ಹೂಡುತ್ತಿದ್ದ. ರೈಟರು ಟ್ರಂಕಿನ ಮೇಲೆ ಕೂತು ಹಲ್ಲುಜ್ಜಿದ ಬಾಯಿ ಒರೆಸಿಕೊಳ್ಳುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು.

"ಆ ಮಾತು ಹೊಡೆದಾಕ್ರಿ" ಎಂದೆ.

ಯಾವ ಮಾತು ಎಂದು ಕೇಳಲಿಲ್ಲ. "ಬದಲಿಗೆ ಏನು ಹಾಕಲಿ?"

"ಯಾರಿಗೂ ತೋರ್ಸಿಲ್ಲ ಅಂತ ಹಾಕ್ರಿ."

ಕಟ್ಟು ಬಿಚ್ಚಿ, ಹಾಳೆ ಹುಡುಕಿ, ಟ್ರಂಕಿನ ಮೇಲಿಟ್ಟುಕೊಂಡರು. "'ನಾಟ್ ಷೋನ್'. ಎರಡೇ ಮಾತು." ಕನ್ನಡಕದ ಮೇಲಿಂದ ನೋಡಿ, "ಯಾಕೆ ತೋರಿಸಲಿಲ್ಲ ಅಂತ ಮೇಲಿನವರು ಕೇಳುತ್ತಾರೆ ಅಮ್ಮ."

"ಏಜೆಂಟ್ ಮನೆ ಬಿಟ್ಟು ಹೊರಡ್ಲಿಲ್ಲ ಅಂತ ಬರೀರಿ."

"ನಿಮ್ಮ ಹೆಸರು ಬರುತ್ತದೆ."

"ಬರ್ಲಿ. ನನ್ನ ಹೆಸರಿಗೆ ಯಾರೂ ಮಗ್ಗ ಕೊಡ್ತಿಲ್ಲವಲ್ಲ."

ಅವರು ನನ್ನನ್ನು ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಮಸಿಯ ದೌತಿಯ ಮುಚ್ಚಳ ತೆಗೆದು, ಏಳು ಕಡೆ ಗೆರೆ ಎಳೆದು, ಏಳು ಕಡೆ ಬರೆದರು. ಪ್ರತಿ ಸಲ ಮಸಿ ಆರುವವರೆಗೆ ಊದಿದರು. ನಾನು ನಿಂತು ಏಳನ್ನೂ ನೋಡಿದೆ.

"ಲಿಸ್ಟಿನಲ್ಲಿ ಅವಳ ಹೆಸರು ಉಳೀತೈತಾ?"

"ಅದು ನನ್ನ ಕೈಯಲ್ಲಿಲ್ಲ. ಮಾತು ಸರಿ ಮಾಡುವುದಷ್ಟೇ ನನ್ನ ಕೈಯಲ್ಲಿರುವುದು." ಗಾಡಿ ಹತ್ತಿ ಕೂತ ಮೇಲೆ, "ನೀರು ಚೆನ್ನಾಗಿತ್ತು ಅಮ್ಮ" ಎಂದರು. ಎತ್ತಿನ ಗಂಟೆ ದುರ್ಗದ ದಾರಿಗೆ ತಿರುಗಿತು.

ಮನೆಯ ಕಡೆ ಹೆಜ್ಜೆ ಹಾಕಿದೆ. ನಾಕು ಹೆಜ್ಜೆ ಹೋಗಿ ನಿಂತೆ. ಗಂಟು ತಲೆಯ ಮೇಲಿತ್ತು. ಗೌಡರ ಮನೆ ಎದುರಿಗೇ ಇತ್ತು. ಅವರ ಮಗಳಿಗೆ ಮಾಘದಲ್ಲಿ ಮದುವೆ ಎಂದು ಊರಿಗೆಲ್ಲ ಗೊತ್ತು.

ಹೊಸಿಲ ಈಚೆ ನಿಂತೆ. ಅಭ್ಯಾಸ ಬಲ ನೋಡಿ, ಪಕ್ಕಕ್ಕೆ ಸರಿದು ಒಬ್ಬರಿಗೆ ಜಾಗ ಬಿಟ್ಟು ನಿಂತಿದ್ದೆ. ಮಧ್ಯಕ್ಕೆ ಬಂದೆ. ಬಾಯಿ ತೆಗೆದರೆ ಮೊದಲ ಸಲ ಬರೀ ಗಾಳಿ ಬಂತು. ಎರಡನೆಯ ಸಲ ಗೌಡರ ನಾಯಿ ಎದ್ದು ಬೊಗಳಿತು. ಮೂರನೆಯ ಸಲ ನಾಯಿಗಿಂತ ಜೋರಾಗಿ ಕೂಗಿದೆ: "ಏನ್ರವ್ವಾ, ಸೀರೆ ಬಂದೈತೆ! ಮೊಳಕಾಲ್ಮೂರಿನ ಅಂಜಿನಮ್ಮನ ಸೀರೆ!"

ಗಾಡಿಯ ಗಂಟೆ ಆಗ ಇನ್ನೂ ಕೇಳುತ್ತಿತ್ತು. ಅಂದರೆ ನನ್ನ ಕೂಗೂ ಅಲ್ಲಿಗೆ ಕೇಳಿರಬೇಕು. ಕೇಳಿದ್ದರೆ, ರೈಟರೇ, ಏಜೆಂಟ್ ಹೊಡೆದುಹಾಕಿ, ಮೊದಲಿದ್ದ 'ಹಾಕರ್' ಮಾತೇ ಇರಲಿ.